ಭೈರವಿ ಬ್ಯಾಡ

ಅದು ೧೯೫೫. ರೋಣದ ಮೋಟಾರ್ ಸ್ಟ್ಯಾಂಡಿನಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ತೋಟಪ್ಪ, ಈಶಪ್ಪ ಎಂಬ ಅಣ್ಣತಮ್ಮಂದಿರು ಕೂತಿದ್ದರು; ಗಜೇಂದ್ರಗಡದ ಮಠದ ಕಚೇರಿಗೆ ಹೊರಟವರು. ಮುಂದೆ ಗೋಣಿ ಸುತ್ತಿದ ಕಾಲುಪೇಟಿ. ಒಂದೇ ಹಾರ್ಮೋನಿಯಂ, ನುಡಿಸುವವರು ಇಬ್ಬರು.

“ಮೊದಲ ಯಮನ್ ರಾಗ ಹಿಡಿಯೂಣು, ಅಣ್ಣಾ,” ಎಂದ ಈಶಪ್ಪ.

“ಭಾಳ ಉದ್ದ ಆಗತೈತಿ. ಬೆರಳು ಮಾತ ಕೇಳೂದಿಲ್ಲ.”

“ಹಂಗಾರ ಭೂಪ?”

“ಹೋದ ವರ್ಷ ಭೂಪದಾಗ ನಾ ಎಲ್ಲಿ ತಪ್ಪಿದೆ ಅಂತ ಮಠದ ಮಂದಿಗೆಲ್ಲಾ ನೆನಪೈತಿ.”

“ನೀ ಎಡಕ ಕೂತು ಸಾವಕಾಶ ಸ್ವರ ಹಿಡಿ. ಬಲಕ ಕೂತು ರಾಗ ನಾ ನಡಸ್ತೀನಿ.”

“ಇಪ್ಪತ್ತು ವರ್ಷ ಎಡಕ ಕೂತಾಂವ ನೀನು.”

ಈಶಪ್ಪ ಗೋಣಿಯ ಹುರಿ ಬಿಗಿದ.

“ದುರ್ಗಾ ನುಡಸೂಣು,” ಎಂದ. “ಸಣ್ಣದರಾಗ ಮುಗಸೂಣು.”

“ಆಗ್ಲಿ.”

“ಕಡೀಕ ಭೈರವಿ.”

“ಭೈರವಿ ಬ್ಯಾಡ.”

“ಅದು ನಿನ್ನ ಕೈಗೆ ತ್ರಾಸ ಇಲ್ಲಲ್ಲ.”

“ಕೈದು ಮಾತಲ್ಲ.”

“ಭೈರವಿ ಇಲ್ಲದ ಕಚೇರಿ ಹ್ಯಾಂಗ ಮುಗಸೂದು? ಮಂದಿ ಏಳೂದಿಲ್ಲ.”

“ಭೈರವಿ ಆದ ಮ್ಯಾಲ ಮತ್ತೇನೂ ನುಡಸಂಗಿಲ್ಲ. ಈ ಸಲ ನುಡಸಿದ್ರ ನಂದು ಅಲ್ಲಿಗೇ ಮುಗೀತು, ಈಶ್ಯಾ.”

ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ಎದ್ದರು. ಈಶಪ್ಪ ಕೊನೆಗೆ ಎದ್ದ.

“ಹಂಗಾರ ಮುಗಸೂದ ಬ್ಯಾಡ,” ಎಂದ. “ದುರ್ಗಾ ನುಡಸಿ ಹಂಗ ಎದ್ದು ಬರೂಣು. ಮಂದಿ ಕೂತ್ರ ಕೂಡ್ಲಿ.”

ತೋಟಪ್ಪ ಪೇಟಿಯ ಎಡಗಡೆಗೆ ಕೈ ಹಾಕಿದ.

“ಆ ಕಡೆ ನಾ ಹಿಡೀತೀನಿ,” ಎಂದ ಈಶಪ್ಪ. “ನೀ ಬಲಕ ಬಾ, ಅಣ್ಣಾ.”

ಇಬ್ಬರೂ ಪೇಟಿ ಎತ್ತಿಕೊಂಡು ಬಸ್ಸಿನತ್ತ ನಡೆದರು.