ಒಂದು ಪರ್ಮಿಟ್ಟೂ ಇಲ್ಲದ ಡ್ವೇನ್

ಆ ಚೀಟಿ ಇಲ್ಲಿ ಕೊಡು. ಕೊಡು ಅಂದೆ, ನೊಯೆಲ್! ಡ್ವೇನ್ ಕಿಂಬಲ್... ಥೂ! ಅಂಗಡಿ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಿತ್ಕೊಂಡು ಬಂದು ಮನೆಗೆ ಎಲೆಕ್ಟ್ರಿಷಿಯನ್ ಕರೀತಾರೇನೇ ಯಾರಾದ್ರೂ? ಅತ್ತೆ ಅನ್ನೋಳು ಕೆಳಗಿನ ಮಹಡೀಲೇ ಬಿದ್ದಿದೀನಿ, ಒಂದು ಮಾತು ಕೇಳಬಾರದಿತ್ತಾ?

ಮೆಲ್ಲಗಾ? ಸರಿ, ಸರಿ, ಮಗು ಮಲಗಿದೆ. ನಗಬೇಡ ನೀನು! ನಿನ್ನ ಗಂಡ ರೆಮಿನೂ ಹಿಂಗೇ ಹಲ್ಲು ಕಿರಿದ. 'ಅಮ್ಮಾ, ದೀಪ ಮಿಣುಕ್ತಾ ಇದೆ ಅಷ್ಟೆ, ಅದಕ್ಯಾಕಿಷ್ಟು ರಂಪ' ಅಂತ. ಮಿಣುಕಿದ್ರೆ ಬಲ್ಬು ಬದಲಾಯಿಸಿ! ಹೀಟರ್ ಹಾಕಿದಾಗ ಮಾತ್ರಾನಾ... ಹಂಗಾದ್ರೆ ಹೀಟರ್ ಹಾಕಬೇಡಿ. ರೆಮಿ ಇದೇ ಕೋಣೇಲಿ ಬರೀ ಕಂಬಳೀಲಿ ಬೆಳೆದವನು, ಸತ್ತೋದ್ನಾ?

ಕೆಲಸಕ್ಕೆ ಕರೆಯೋ ಮೊದಲು ನೋಡಬೇಕು ಕಣೇ. ಸಿಟಿ ಹಾಲ್ ಆಫೀಸಲ್ಲಿ ಕೇಳಿದ್ರೆ ಹೇಳ್ತಾರೆ, ಯಾರು ಎಲ್ಲೆಲ್ಲಿ ಪರ್ಮಿಟ್ ತಗೊಂಡು ವೈರಿಂಗ್ ಮಾಡಿದಾರೆ ಅಂತ. ನಾನು ಹೋಗಿದ್ದೆ. ಆ ಹುಡುಗಿ ಕಂಪ್ಯೂಟರಲ್ಲಿ ಹುಡುಕಿದಳು, ಹುಡುಕಿದಳು... ಇವನ ಹೆಸರಿಗೆ ಒಂದೂ ಇಲ್ಲ! ಈ ಲೂಯಿಸ್ಟನ್ನಲ್ಲಿ ಅರ್ಧ ಜನರ ಮನೆಗೆ ನುಗ್ಗಿದಾನೆ, ಒಂದೇ ಒಂದು ಪರ್ಮಿಟ್ಟೂ ಇಲ್ಲ! ಹೊಟ್ಟೆಗೇನು ತಿಂತಾನೋ!

ಯಾವಾಗ ಹೋಗಿದ್ದೆ ಅಂದ್ರೆ... ಹೋಗಿದ್ದೆ ಯಾವಾಗ್ಲೋ. ಹ್ಯಾಲೊವೀನ್ ಆದ್ಮೇಲೆ. ಯಾಕೆ ಅಂದ್ರೇನು? ಒಬ್ಬ ಮನುಷ್ಯನ ಬಗ್ಗೆ ತಿಳ್ಕೋಬಾರದಾ? ಈ ಕೋಣೆ ವೈರಿಂಗ್‌ಗಾ? ಇಲ್ಲಪ್ಪ! ಈ ಕೋಣೆಗೆ ಬೇರೆ ಯಾರೋ ಬಂದಿದ್ರು. ನೀವಿನ್ನೂ ಪೋರ್ಟ್ಲಂಡಲ್ಲಿದ್ರಲ್ಲ ಆಗ. ಒಳ್ಳೆ ಮನುಷ್ಯ. ಹೆಸರು... ಮರೆತೇ ಹೋಯ್ತು ನೋಡು.

ಡ್ವೇನ್ ಬೇಡ ಅಂದ್ರೆ ಬೇಡ. ನಿನಗೆ ಗೊತ್ತಿಲ್ಲ ಅವನ ಕೊಳಕು! ಪರ್ಮಿಟ್ ಇದ್ರೆ ತಂತಿ ಎಳೆದ ಮೇಲೆ ಗೋಡೆ ತೆರೆದೇ ಇಡಬೇಕು. ಇನ್‌ಸ್ಪೆಕ್ಟರ್ ಬಂದು, ಕಣ್ಣಾರೆ ನೋಡಿ, ಹೂಂ ಅಂದ ಮೇಲೇನೇ ಹಲಗೆ ಹೊಡೆದು ಮುಚ್ಚೋದು. ಇವನು? 'ಅಮ್ಮಾ, ಅವರು ಬರೋ ಹೊತ್ತಿಗೆ ನಿಮ್ಮ ಮೊಮ್ಮಗು ಹುಟ್ಟಿ, ಎದ್ದು ಓಡಾಡ್ತಾ ಇರುತ್ತೆ' ಅಂತ ಹಲ್ಲು ಬಿಡ್ತಾನೆ...

ಅಲ್ಲ... ಹಂಗಂತಾನಂತೆ. ಎಲ್ಲರ ಹತ್ರಾನೂ. ಇಗರ್ಜಿ ಹತ್ರ ಹೆಂಗಸರು ಆಡ್ಕೋತಿದ್ರು.

ಅಸಹ್ಯ ಕಣೇ, ಅಸಹ್ಯ! ತಂಬಾಕು ಜಗಿದು ಜಗಿದು ಗೋಡೆ ಒಳಕ್ಕೇ ಪಿಚಕ್ ಅಂತ ಉಗಿದ. ತಂತಿ ಸಾಲಲಿಲ್ಲ ಅಂತ ಹಳೇದು ಹೊಸದು ಸೇರಿಸಿ ತಿರುಚಿ, ಟೇಪ್ ಸುತ್ತಿ, ಹಂಗೇ ಒಳಗೆ ತುರುಕಿದ. ಆ ಗಂಟಿಗೆ ಡಬ್ಬಿ ಇಲ್ಲ, ಮುಚ್ಚಳ ಇಲ್ಲ! 'ಇದೇನಪ್ಪ ಹಿಂಗೆ' ಅಂದ್ರೆ 'ಗೋಡೆ ಒಳಗೆ ಯಾರಮ್ಮ ಇಣುಕ್ತಾರೆ' ಅಂದ. ಹಲಗೆ ಹೊಡೆದೇಬಿಟ್ಟ. ಆ ಗಲೀಜಿನ ಮೇಲೆ ಬಾತುಕೋಳಿ ಚಿತ್ರದ ಗೋಡೆ ಕಾಗದ ಅಂಟಿಸೋವಾಗ ನಾನು...

ಏನೇ? ಯಾಕೆ ಹಂಗೆ ನೋಡ್ತೀಯಾ?

ಈ ಥರ ಬಾತುಕೋಳಿ ಕಾಗದ ಎಲ್ಲರ ಮನೇಲೂ ಇರುತ್ತೆ. ಮಕ್ಕಳಿರೋ ಎಲ್ಲರ ಮನೇಲೂ... ನೊಯೆಲ್, ಮಗೂನ ಯಾಕೆ ಎತ್ತಿದೆ? ಈಗ ತಾನೇ ಕಣ್ಣು ಮುಚ್ಚಿದಾಳೆ. ಗೋಡೆ ಮೇಲೇನು ಕೈ ಇಟ್ಟು ನೋಡೋದು! ಬೆಚ್ಚಗಿರುತ್ತೆ, ಇರದೇ ಏನು, ಹೀಟರ್ ಹಾಕಿದ್ರೆ ಗೋಡೆ ಬೆಚ್ಚಗಾಗಲ್ವಾ...

ಹೀಟರ್ ಹಾಕೇ ಇಲ್ವಾ?

ಎಲ್ಲಾ ನಿಮಗೋಸ್ಕರ ಕಣೇ. ನೀವು ಬರೋ ಹೊತ್ತಿಗೆ ಕೋಣೆ ಚೆಂದಾಗಿರಲಿ ಅಂತ... ಮಗೂನ ಎತ್ಕೊಂಡು ಎಲ್ಲಿಗೆ ಹೊರಟೆ? ಬೈಯೋದಾದ್ರೆ ಬೈ. ಹೊರಗೆ ಹಿಮ ಬೀಳ್ತಿದೆ, ಮೊದಲು ಬೂಟು ಹಾಕ್ಕೋ, ಅಲ್ಲೀವರೆಗೂ ಆಡೆಲ್‌ನ ನನ್ನ ಕೈಗೆ ಕೊಡು. ಕೊಡೇ, ನಾನು ಹಿಡ್ಕೋತೀನಿ... ನಾನು ಅವಳ ಅಜ್ಜಿ ಕಣೇ, ನೊಯೆಲ್.

ಕೊಡಲ್ವಾ?