ನಾನು ಹೇಳಿದ ‘ಆಯ್ತು’

ಮಾನ್ಯ ಅಧ್ಯಕ್ಷರೇ, ನಿರ್ದೇಶಕ ಮಂಡಳಿಯ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತು ಕಣ್ಣು ತಪ್ಪಿಸುತ್ತಿರುವ ನನ್ನ ಶ್ರೀಮತಿಯವರೇ, ಸಭಿಕರೇ,

ನನ್ನ ಕೈಯಲ್ಲಿರುವುದು ವಾರ್ಷಿಕೋತ್ಸವದ ಭಾಷಣ. ಒಳಗೆ ಬಂದು ಬ್ಯಾನರ್ ನೋಡಿದೆ: ‘ಬೀಳ್ಕೊಡುಗೆ’. ಯಾರಿಗಪ್ಪಾ ಎಂದು ಕೆಳಗೆ ನೋಡಿದರೆ ನನ್ನದೇ ಫೋಟೊ! ಇಪ್ಪತ್ತು ವರ್ಷ ಊರಿಗೆಲ್ಲ ಬ್ಯಾನರ್ ಬರೆಸಿದವನು, ನನ್ನ ಕೆಲಸ ಹೋದದ್ದನ್ನು ಬ್ಯಾನರಿನಿಂದ ತಿಳಿಯಬೇಕೆ? ಇವಳೇ, ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಕೊಟ್ಟೆಯಲ್ಲ, ನೀನೂ ಹೇಳಲಿಲ್ಲವಲ್ಲೇ! ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ಹೋದ ವಾರ ಅಧ್ಯಕ್ಷರು, “ತುಂಬಾ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತಗೊಳ್ಳಿ” ಎಂದರು. “ಆಯ್ತು” ಎಂದೆ. ನಾನು ಎರಡು ದಿನದ ರಜೆ ಎಂದುಕೊಂಡೆ, ಅವರು ರಾಜೀನಾಮೆ ಎಂದುಕೊಂಡರು.

ನಗಬೇಡಿ. ಈ ಕಂಪನಿಯ ಹೆಸರು ಕೆಟ್ಟದ್ದೂ ಇದೇ ಮಾತಿನಿಂದ. ಜಾಹೀರಾತು ಮಾಡಿಕೊಂಡಿದ್ದವನನ್ನು ತಂದು ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿದಿರಿ. ಕಿವಿ ಕೇಳದವರಿಗೆ ನಾವು ಮಾಡುವ ಯಂತ್ರದೊಳಗೆ ಏನಿದೆಯೆಂದು ನನಗೇನು ಗೊತ್ತು? “ಹದಿನೈದಕ್ಕೆ ಹೊಸ ಯಂತ್ರ, ಅಲ್ವಾ?” ಎಂದೆ. ಮುಖ್ಯ ಎಂಜಿನಿಯರ್, ನಾವೆಲ್ಲ ಎಂಜಿನಿಯರಮ್ಮ ಎನ್ನುತ್ತಿದ್ದವರು, “ಆಯ್ತು ಸರ್” ಎಂದರು. ಕೇಳಿಸಿತು, ನೋಡೋಣ ಎಂಬುದು ಅವರ ಅರ್ಥ. ಕೆಲಸ ಆಗಿಹೋಯಿತು ಎಂಬುದು ನನ್ನ ಅರ್ಥ. ಊರ ತುಂಬ ಜಾಹೀರಾತು ಹಾಕಿಸಿದೆ. ಹದಿನೈದನೇ ತಾರೀಖು, ಟಿ.ವಿ. ಕ್ಯಾಮೆರಾಗಳ ಮುಂದೆ, ನನ್ನ ಅತ್ತೆಯವರ, ಅಂದರೆ ಇವಳ ತಾಯಿಯ ಕಿವಿಗೇ ಯಂತ್ರ ಇಟ್ಟೆ. ಅದು ಕೀರ್ ಎಂದು ಕಿರುಚಿತು. ಅತ್ತೆ ಕಿವಿ ಹಿಡಿದುಕೊಂಡು ಕುಸಿದರು. ಅಷ್ಟಿಷ್ಟು ಕೇಳಿಸುತ್ತಿದ್ದದ್ದೂ ಅಂದೇ ಹೋಯಿತು.

ತಪ್ಪು ತಿಳುವಳಿಕೆಯಿಂದ ಆದದ್ದು ಎಂದು ಮಂಡಳಿಗೆ ಬರೆದುಕೊಟ್ಟೆ. ಎಂಜಿನಿಯರಮ್ಮನನ್ನು ಕೆಲಸದಿಂದ ತೆಗೆದೆವು. ತಪ್ಪು ತಿಳುವಳಿಕೆಯೇ, ಅಲ್ಲವೇ? ಆದರೆ ಅಂದು ನಾನು ವೇದಿಕೆ ಹತ್ತುವಾಗ ಅವರು ನನ್ನ ತೋಳು ಹಿಡಿದು ನಿಲ್ಲಿಸಿ, “ಸರ್, ಇನ್ನೂ ಆಗಿಲ್ಲ. ದಯವಿಟ್ಟು ಯಾರ ಕಿವಿಗೂ ಹಾಕಬೇಡಿ” ಎಂದಿದ್ದರಲ್ಲ...

ಇದು ನನ್ನ ಹಾಳೆಯಲ್ಲಿಲ್ಲ. ಇದನ್ನು ಯಾಕೆ ಹೇಳಿದೆ? ಅಯ್ಯೋ, ಯಾಕೆ ಹೇಳಿದೆ?

ಹೌದು, ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು. ಕ್ಯಾಮೆರಾಗಳು ಕಾಯುತ್ತಿದ್ದವು, ಹತ್ತಿಬಿಟ್ಟೆ.

ಇವಳೇ, ಎದ್ದು ಹೋಗಬೇಡ. ಬಾಗಿಲ ಹತ್ತಿರವಾದರೂ ನಿಲ್ಲು.

ಅಧ್ಯಕ್ಷರೇ, ಎಂಜಿನಿಯರಮ್ಮನನ್ನು ವಾಪಸ್ ಕರೆಸಿಕೊಳ್ಳಿ, ತಪ್ಪು ಅವರದ್ದಲ್ಲ. ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತ ನಿಮಗೆಲ್ಲ ನಾನು ಋಣಿ. ನಾನಿನ್ನು ಹೊರಡಬೇಕು. ಈಗ ನಿಮಗೆ ಹೇಳಿದ್ದನ್ನೆಲ್ಲ ಮನೆಯಲ್ಲಿ ಅತ್ತೆಗೆ ಕಾಗದದ ಮೇಲೆ ಬರೆದು ತೋರಿಸಬೇಕು. ಬಾಯಲ್ಲಿ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ.

ನಮಸ್ಕಾರ.