ಉಡಿ ತುಂಬಿದ ಮೇಲೆ ಯಾವ ಊರಿನ ಆಟಗಾರ್ತಿ?

ಅಧ್ಯಕ್ಷರ ಕುರ್ಚಿಯಲ್ಲಿರುವ ಬಸಲಿಂಗಪ್ಪನವರೇ, ಈ ವರ್ಷದ ಟೂರ್ನಿಯ ಪೂರ್ತಿ ಖರ್ಚನ್ನು ಹೊತ್ತ ಡಾಕ್ಟರ್ ದಾನಪ್ಪನವರೇ, ಅವರ ಪಕ್ಕದಲ್ಲಿರುವ ಅವರ ಶ್ರೀಮತಿ ರೇಣುಕಾದೇವಿಯವರೇ, ಗೆದ್ದ ಷಾರ್ಲೆಟ್ ತಂಡದವರೇ, ಸೋತ ನಾವೆಲ್ಲರೇ, ಮತ್ತು ಜರ್ಮನ್‌ಟೌನ್‌ನಿಂದ, ಅಟ್ಲಾಂಟಾದಿಂದ ವ್ಯಾನು ಮಾಡಿಕೊಂಡು ಬಂದು, ಪಕ್ಕದ ಹಾಲಿನಿಂದ ಸಾರಿನ ಒಗ್ಗರಣೆ ಘಮ ಬರುತ್ತಿದ್ದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಅಮೆರಿಕಕ್ಕೆ ಬಂದೂ ಬಿಡದೆ ಮಾಡುವ ರಾಜ್ಯೋತ್ಸವದ ದಿನ ಫುಟ್‌ಬಾಲಿನ ಬಗ್ಗೆ ಭಾಷಣ ಏಕೆ ಎಂದು ನಿಮ್ಮಲ್ಲಿ ಕೆಲವರು ಗೊಣಗಿದ್ದು ನನಗೆ ಕೇಳಿಸಿದೆ. ನಾನಾಗಿ ಆರಿಸಿಕೊಂಡ ವಿಷಯವಲ್ಲ. ಬಸಲಿಂಗಪ್ಪನವರು ಫೋನ್ ಮಾಡಿ ಹೇಳಿದರು: "ಹರಿಪ್ರಸಾದ್, ನೀವು ಯುರೋಪ್ ಫುಟ್‌ಬಾಲ್ ಎಲ್ಲಾ ಓದ್ತೀರಲ್ಲ. ಹಣ ಹಾಕಿದ್ರೆ ಆಟ ಹೆಂಗೆ ಇಂಪ್ರೂವ್ ಆಗತ್ತೆ ಅಂತ ಹದಿನೈದು ನಿಮಿಷ ಮಾತಾಡಿ, ಕಪ್ ಕೊಟ್ಬಿಡಿ. ಆಮೇಲೆ ಒಂದ್ ಸಣ್ಣ ಠರಾವು ಪಾಸ್ ಮಾಡ್ಬಿಟ್ಟು ಊಟಕ್ಕೆ ಹೋಗೋಣ."

ಆ ಸಣ್ಣ ಠರಾವು ಯಾವುದೆಂದು ನಿಮಗೆ ಗೊತ್ತಿರಲಿ. ಬರುವ ವರ್ಷದಿಂದ ನಮ್ಮ ಟೂರ್ನಿಯಲ್ಲಿ ಷಾರ್ಲೆಟ್, ಜರ್ಮನ್‌ಟೌನ್, ಅಟ್ಲಾಂಟಾ ತಂಡಗಳು ಮಾತ್ರ ಆಡತಕ್ಕದ್ದು. ಫೋರ್ಟ್ ಮಿಲ್‌ನಂಥ ಸಣ್ಣ ಊರಿನವರು ಊಟೋಪಚಾರದ ಹೊಣೆ ಹೊರತಕ್ಕದ್ದು. ನಾನು ಈ ಷಾರ್ಲೆಟ್‌ನಿಂದ ರಾಜ್ಯದ ಗಡಿ ದಾಟಿದರೆ ಸಿಗುವ ಆ ಫೋರ್ಟ್ ಮಿಲ್‌ನವನು. ನಾವು ಅಲ್ಲಿರುವುದೇ ಬೆರಳೆಣಿಕೆಯ ಮನೆಗಳು. ಅಂದರೆ ಬರುವ ವರ್ಷ ನಮ್ಮ ಮಕ್ಕಳು ಗೆರೆಯ ಹೊರಗೆ ನಿಂತು ನಿಮ್ಮ ಮಕ್ಕಳಿಗೆ ಪುಳಿಯೋಗರೆ ಬಡಿಸಬೇಕು. ಇದು ಸಣ್ಣ ಠರಾವೇ?

ಇರಲಿ. ಯುರೋಪಿನ ಮಾತಿಗೇ ಬರುತ್ತೇನೆ. ಹಣ ಹಾಕಿದರೆ ಆಟ ಬೆಳೆಯುತ್ತದೆಯೇ? ಬೆಳೆಯುತ್ತದೆ. ಬ್ಲ್ಯಾಕ್‌ಬರ್ನ್ ಎಂಬ ಇಂಗ್ಲೆಂಡಿನ ಪುಟ್ಟ ಊರಿನ ತಂಡ ಒಬ್ಬ ಉಕ್ಕಿನ ವ್ಯಾಪಾರಿಯ ಹಣದಿಂದ ತೊಂಬತ್ತೈದರಲ್ಲಿ ಇಡೀ ದೇಶಕ್ಕೆ ಮೊದಲಾಯಿತು. ಆಗ ನಾನೂ ಸಂತೋಷಪಟ್ಟೆ. ಆದರೆ ನನಗೊಂದು ಕೆಟ್ಟ ಅಭ್ಯಾಸವಿದೆ, ನೆನಪಿಟ್ಟುಕೊಳ್ಳುವುದು. ಫ್ರಾನ್ಸಿನ ಮಾರ್ಸೇ ತಂಡ ತೊಂಬತ್ತಮೂರರಲ್ಲಿ ಯುರೋಪಿನ ಕಪ್ಪನ್ನೇ ಎತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೆ ಕೆಲವೇ ದಿನ ಮುಂಚೆ, ತಮ್ಮ ದೇಶದ ಲೀಗ್ ಪಂದ್ಯದ ಎದುರಾಳಿಗಳು ಜೋರಾಗಿ ಆಡದಿರಲಿ ಎಂದು ಲಂಚ ಕೊಟ್ಟದ್ದು ಆಮೇಲೆ ಬಯಲಾಯಿತು. ಲಂಚದ ನೋಟು ಎಲ್ಲಿ ಸಿಕ್ಕಿತು ಗೊತ್ತೇ? ಲಂಚ ತಿಂದವನ ನೆಂಟರ ಹಿತ್ತಿಲಿನ ಮಣ್ಣಿನಲ್ಲಿ ಹೂತಿಟ್ಟದ್ದು ಸಿಕ್ಕಿತು. ಯುರೋಪಿನವರು ಬಹಳ ಮುಂದುವರಿದವರು ಎನ್ನುತ್ತೇವೆ. ಲಂಚ ಬಚ್ಚಿಡುವುದರಲ್ಲಿ ಮಾತ್ರ ನಮ್ಮ ತಾತಂದಿರ ಕಾಲದಲ್ಲೇ ಇದ್ದಾರೆ. ಇಟಲಿಯಲ್ಲಿ ಎಂಬತ್ತರಲ್ಲಿ ಇಂಥದೇ ಹಗರಣಕ್ಕೆ ಎರಡು ದೊಡ್ಡ ತಂಡಗಳನ್ನು ಕೆಳಗಿನ ದರ್ಜೆಗೆ ನೂಕಿದರು. ಆಗಲೂ ಎಲ್ಲರೂ ಹೇಳಿದ್ದು "ಇನ್ನು ಸರಿಹೋಯಿತು" ಎಂದೇ.

ಆದರೆ ಸಭಿಕರೇ, ಲಂಚ ಸಣ್ಣ ರೋಗ. ಹಿಡಿಯಬಹುದು, ಶಿಕ್ಷೆ ಕೊಡಬಹುದು. ದೊಡ್ಡ ರೋಗ ಕಾಯಿದೆಯ ಒಳಗೇ ಬರುತ್ತದೆ. ಈ ತೊಂಬತ್ತೆಂಟರ ಬೇಸಿಗೆಯಲ್ಲಿ ಇಟಲಿಯ ಕಂಪನಿಯೊಂದು ಯುರೋಪಿನ ಶ್ರೀಮಂತ ತಂಡಗಳ ಮುಂದೆ ಒಂದು ಯೋಜನೆ ಇಟ್ಟಿದೆ. ನಮ್ಮ ಲೈಬ್ರರಿಗೆ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿದೆ. ಅದರ ಹೆಸರು ಸೂಪರ್ ಲೀಗ್. ಅದರಲ್ಲಿ ಕೆಲವು ದೊಡ್ಡ ತಂಡಗಳಿಗೆ ಕಾಯಂ ಜಾಗ, ಗೆದ್ದರೂ ಸರಿ, ಸೋತರೂ ಸರಿ. ಓದುತ್ತಿದ್ದಂತೆ ನನಗೆ ಅನ್ನಿಸಿತು, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು. ಬಸಲಿಂಗಪ್ಪನವರ ಠರಾವು ಅಂಚೆಯಲ್ಲಿ ಬಂದದ್ದು ಆ ವಾರವೇ. ಯುರೋಪಿನವರು ನಮ್ಮಿಂದ ಕದ್ದರೋ, ನಾವು ಅವರಿಂದ ಕದ್ದೆವೋ, ಅಧ್ಯಕ್ಷರೇ ಹೇಳಬೇಕು.

ಈಗ ಮನೆಯ ಮಾತು. ಆಡಬಾರದು ಎಂದುಕೊಂಡೇ ಬಂದೆ. ಆದರೆ ಇಲ್ಲಿರುವವರಲ್ಲಿ ಅರ್ಧ ಜನಕ್ಕೆ ಗೊತ್ತು, ಉಳಿದ ಅರ್ಧ ಜನ ಊಟದ ಹೊತ್ತಿಗೆ ಅವರಿಂದ ಕೇಳಿ ತಿಳಿಯುತ್ತಾರೆ.

ನಮ್ಮ ಟೂರ್ನಿಯ ನಿಯಮಗಳನ್ನು ಬರೆದವನು ನಾನು. ಅಪ್ಪ, ಮಗಳು, ಭಾವಮೈದುನ ಎಲ್ಲರೂ ಒಂದೇ ತಂಡದಲ್ಲಿ ಆಡುವ ಆಟ ಇದು. ಯಾರೂ ಹೊರಗಿನಿಂದ ಆಟಗಾರರನ್ನು ತರಬಾರದೆಂದು ಅಚ್ಚಗನ್ನಡದಲ್ಲಿ ಬರೆದೆ: "ಆಯಾ ಊರಿನ ಮನೆಯವರು ಮಾತ್ರ ಆಡತಕ್ಕದ್ದು." ಮನೆಯವರು. ಎಷ್ಟು ಚೆಂದದ ಮಾತು ಎಂದು ಅಂದು ನಾನೇ ಬೆನ್ನು ತಟ್ಟಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಉಳಿದುಕೊಳ್ಳುತ್ತಿದ್ದೆ.

ಮೊದಲು ಜರ್ಮನ್‌ಟೌನ್‌ನ ಗೋಲ್‌ಕೀಪರ್ ಪ್ರತಾಪ್ ಹೋದರು. ಷಾರ್ಲೆಟ್ ತಂಡವನ್ನು ಸಾಕುವ ದಾನಪ್ಪನವರ ಪರಿಚಯದವರೊಬ್ಬರು ಅವರಿಗೆ ಇಲ್ಲಿಯ ಬ್ಯಾಂಕೊಂದರಲ್ಲಿ ಕೆಲಸ ನೋಡಿಕೊಟ್ಟರು. "ಅಂಕಲ್, ನಂದು ಬರೀ ವೀಸಾ ಟ್ರಾನ್ಸ್‌ಫರ್. ಫುಟ್‌ಬಾಲ್ ಟ್ರಾನ್ಸ್‌ಫರ್ ಅಲ್ಲ" ಎಂದರು ಪ್ರತಾಪ್. ನಾನು ಒಪ್ಪಿಕೊಂಡೆ. ಮನೆ ಬದಲಾಯಿತು, ಊರು ಬದಲಾಯಿತು, ಅವರು ಷಾರ್ಲೆಟ್‌ನ ಮನೆಯವರಾದರು. ಸರಿ.

ಆಮೇಲೆ ಶ್ರಾವಣ ಬಂತು. ರೇಣುಕಾದೇವಿಯವರು ನಮ್ಮನ್ನು ಊಟಕ್ಕೆ ಕರೆದರು. ಹೋಳಿಗೆ ಊಟ, ಅದರಲ್ಲಿ ಎರಡು ಮಾತಿಲ್ಲ. ಹೊರಡುವಾಗ ನನ್ನ ಹೆಂಡತಿ ಊರ್ಮಿಳಾಗೆ ಉಡಿ ತುಂಬಿದರು. ನಾವು ಮೈಸೂರಿನ ಕಡೆಯವರು, ಮಡಿಲು ತುಂಬುವುದು ಎನ್ನುತ್ತೇವೆ. ಆಮೇಲೆ ನಮ್ಮ ಮಗಳು ಮಾನ್ಯಾಳನ್ನು ಕರೆದರು. ಅವಳಿಗೆ ಹದಿನಾಲ್ಕು. ಅವಳು ನಮ್ಮ ತಂಡದ ಫಾರ್ವರ್ಡ್, ಅಂದರೆ ನಾವು ಹೊಡೆದ ಗೋಲುಗಳೆಲ್ಲ ಅವಳವೇ. ಜೀನ್ಸ್ ತೊಟ್ಟ ಹುಡುಗಿ. ಸೆರಗಿಲ್ಲ. ಸೆರಗಿಲ್ಲದವಳಿಗೆ ಉಡಿ ತುಂಬುವುದು ಹೇಗೆ? ರೇಣುಕಾದೇವಿಯವರು ಒಳಗಿನಿಂದ ಒಂದು ಹೊಸ ಜರ್ಸಿ ತಂದು ಅವಳಿಗೆ ಮೇಲಿನಿಂದ ತೊಡಿಸಿ, ಅದರ ಅಂಚನ್ನೇ ಹಿಡಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ ಎಲ್ಲವನ್ನೂ ಹಾಕಿದರು. ಮೇಲೆ ಒಂದು ಡಬ್ಬಿ ಇಟ್ಟರು. ಡಬ್ಬಿಯಲ್ಲಿ ಫುಟ್‌ಬಾಲ್ ಬೂಟು. ಜರ್ಸಿ ಯಾವುದು? ಷಾರ್ಲೆಟ್ ತಂಡದ್ದು.

ಊರ್ಮಿಳಾ ಮುಜುಗರದಿಂದ "ಅಯ್ಯೋ, ಬೂಟು ಯಾಕೆ" ಎಂದದ್ದಕ್ಕೆ ರೇಣುಕಾದೇವಿಯವರು ಹೇಳಿದರು: "ಉಡಿಗೆ ಬಂದಿದ್ದು ಒಲ್ಲೆ ಅನಬಾರದ್ರೀ ಅಕ್ಕಾರ. ಹೆಣ್ಮಕ್ಕಳಿಗೆ ಛಲೋ ಅಲ್ಲ."

ಮುಂದಿನ ವಾರ ದಾನಪ್ಪನವರು ಸಮಿತಿಯಲ್ಲಿ ಹೇಳಿದರು: "ಉಡಿ ತುಂಬಿದ ಮ್ಯಾಲೆ ಆಕಿ ನಮ್ಮನಿ ಮಗಳಾದ್ಳಲ್ರೀ. ನಮ್ಮನಿ ಮಗಳು ಅಂದ್ರ ನಮ್ಮ ಮನಿಯವಳು. ರೂಲಿನಾಗ ಏನೈತಿ? ಮನೆಯವರು ಆಡತಕ್ಕದ್ದು." ಬಸಲಿಂಗಪ್ಪನವರು ನನ್ನ ಕಡೆ ತಿರುಗಿ, "ರೂಲ್ ನಿಮ್ಮದೇ ಅಲ್ವಾ ಸ್ವಾಮಿ?" ಎಂದರು. ಸಮಿತಿ ಒಪ್ಪಿತು. ಫ್ರಾನ್ಸಿನವರು ಹಿತ್ತಿಲು ಅಗೆದು ಕಷ್ಟಪಟ್ಟರು, ಪಾಪ. ಅವರಿಗೆ ಉಡಿ ತುಂಬುವ ಪದ್ಧತಿ ಗೊತ್ತಿರಲಿಲ್ಲ.

ವಾಪಸ್ಸು ಕೊಟ್ಟುಬಿಡೋಣ ಎಂದೆ ಊರ್ಮಿಳಾಗೆ. "ಮಡಿಲಕ್ಕಿ ವಾಪಸ್ ಕೊಡೋಕಾಗತ್ತೇನ್ರೀ? ಆಗ್ಲೇ ಪಾಯಸ ಮಾಡಿ ಆಯ್ತು. ನೀವೂ ಎರಡ್ ಸಲ ಹಾಕಿಸ್ಕೊಂಡ್ರಿ" ಎಂದಳು.

ನಗಿ. ನಗುವಂಥದ್ದೇ. ಆದರೆ ಮಾನ್ಯಾಳನ್ನು ನಾನು ಕೇಳಿದೆ, ನಿನಗೆ ಇದು ಇಷ್ಟವೇ ಎಂದು. ಅವಳು ಹೇಳಿದ್ದು: "ಅಪ್ಪಾ, ಅಲ್ಲಿ ನಾನು ಪಾಸ್ ಮಾಡಿದ್ರೆ ಬಾಲ್ ಹತ್ರ ಯಾರಾದ್ರೂ ಇರ್ತಾರೆ. ನಮ್ಮ ಟೀಮಲ್ಲಿ ನೀನ್ ಇರ್ತೀಯ." ಅದು ಸುಳ್ಳೇ? ನಿಮ್ಮಲ್ಲಿ ನನ್ನ ಆಟ ನೋಡಿದವರು ಹೇಳಿ.

ಬೋಸ್ಮನ್ ಎಂಬ ಬೆಲ್ಜಿಯಂನ ಆಟಗಾರನ ಹೆಸರು ಕೇಳಿರುತ್ತೀರಿ. ಅವನ ಕರಾರು ಮುಗಿದಿತ್ತು. ಆದರೂ ಹಳೆಯ ತಂಡ ಹಣ ಬರದೆ ಬಿಡಲೊಲ್ಲದು, ಹೊಸ ತಂಡ ಕೊಡಲೊಲ್ಲದು. ಈ ಸಂಕಟವನ್ನು, ಕೆಲಸ ಕೊಟ್ಟ ಕಂಪನಿಗೇ ಕಟ್ಟುಬಿದ್ದು ಎಚ್-ಒನ್ ವೀಸಾದಲ್ಲಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ಅವನು ಕೋರ್ಟಿಗೆ ಹೋದ. ತೊಂಬತ್ತೈದರ ಕೊನೆಯಲ್ಲಿ ಕೋರ್ಟು ಹೇಳಿತು, ಕರಾರು ಮುಗಿದ ಆಟಗಾರ ಯಾರ ಸ್ವತ್ತೂ ಅಲ್ಲ, ಅವನು ಹೋಗಬಹುದು ಎಂದು. ತೀರ್ಪು ನ್ಯಾಯವಾದದ್ದೇ. ಆದರೆ ಅದರ ಲಾಭ ಮೂಟೆ ಕಟ್ಟಿಕೊಂಡು ಹೋದವರು ದೊಡ್ಡ ತಂಡಗಳವರು. ಸಣ್ಣ ತಂಡದವರು ಹುಡುಗರನ್ನು ಬೆಳೆಸುವುದು, ದೊಡ್ಡ ತಂಡದವರು ಕೊಯ್ಲು ಮಾಡುವುದು. ಹಾಗಾದರೆ ತಪ್ಪು ಬೋಸ್ಮನ್‌ನದೇ?

ಈ ಪ್ರಶ್ನೆ ನಾನು ಬಹಳ ವರ್ಷದಿಂದ ಕೇಳಿಕೊಂಡು ಬಂದವನು. ನಮ್ಮ ತಂದೆ ಬೆಂಗಳೂರಿನ ಹಲಸೂರಿನಲ್ಲಿ ಬೀದಿ ಕ್ಲಬ್ಬಿನ ಗೋಲ್‌ಕೀಪರ್. ಮದುವೆಯಾದ ಮೇಲೆ ಮೈಸೂರು ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಒಂದು ಕಾರ್ಖಾನೆಯವರು ಅವರ ಆಟ ನೋಡಿ, ನಮ್ಮ ತಂಡಕ್ಕೆ ಬಾ, ಕೆಲಸ ಕೊಡುತ್ತೇವೆ, ಕ್ವಾರ್ಟರ್ಸ್ ಕೊಡುತ್ತೇವೆ ಎಂದರು. ತಂದೆ ಹೋದರು. ನಾವು ಸಾಮಾನು ಗಾಡಿಗೆ ಹೇರುವಾಗ ಎದುರು ಮನೆಯ ಗೌರಾಬಾಯಿ ಬಾಗಿಲಲ್ಲಿ ನಿಂತು, "ಹೋಗಪ್ಪಾ ಹೋಗು, ಮನೆ ಕೊಟ್ರೆ ಮನುಷ್ಯ ಏನ್ ಬೇಕಾದ್ರೂ ಬಿಡ್ತಾನೆ" ಎಂದರು. ಅವರ ಮಗ ಅದೇ ಕ್ಲಬ್ಬಿನಲ್ಲಿ ಆಡುತ್ತಿದ್ದ. ಸ್ವಲ್ಪ ಕಾಲಕ್ಕೆ ಆ ಕ್ಲಬ್ಬು ಮುಚ್ಚಿತು. ನಿನ್ನಪ್ಪನೇ ಮುಚ್ಚಿಸಿದ್ದು ಎಂದು ಹುಡುಗರು ನನ್ನನ್ನು ಛೇಡಿಸುತ್ತಿದ್ದರು. ನಾನು ಅದನ್ನು ನಂಬಿದ್ದೆ. ಆದರೆ ಆ ಕ್ವಾರ್ಟರ್ಸಿನಲ್ಲಿ ಮನೆಯೊಳಗೇ ನಲ್ಲಿ ಇತ್ತು. ನಮ್ಮ ತಾಯಿ ಮೊದಲನೆಯ ದಿನ ಸುಮ್ಮನೆ ಅದನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸುತ್ತಿದ್ದರು. ನಾನು ಓದಿದ್ದು, ಈ ದೇಶಕ್ಕೆ ಬಂದದ್ದು, ಇಲ್ಲಿ ನಿಂತು ನಿಮಗೆ ನೀತಿ ಹೇಳುತ್ತಿರುವುದು, ಎಲ್ಲ... ಕ್ಷಮಿಸಿ. ಯಾವ ಮಾತಿನಿಂದ ಯಾವ ಮಾತಿಗೆ ಬಂದೆ. ನೀರು ಕುಡಿಯುತ್ತೇನೆ.

ಇವತ್ತು ಕಾರಿನಲ್ಲಿ ಬರುವಾಗ ಮಾನ್ಯಾ ಇದನ್ನೇ ಎತ್ತಿದಳು. "ತಾತಾನೂ ಟೀಮ್ ಸ್ವಿಚ್ ಮಾಡಿದ್ರಲ್ವಾ ಅಪ್ಪಾ? ದೆನ್ ವೈ ಆರ್ ಯೂ ಮ್ಯಾಡ್ ಅಟ್ ಮೀ?" ಊರ್ಮಿಳಾ, "ಅಪ್ಪಂಗೆ ನಿನ್ ಮೇಲೆ ಕೋಪ ಇಲ್ಲ, ಪುಟ್ಟಾ" ಎಂದಳು. ಅದಕ್ಕವಳು, "ಅಪ್ಪಾನೇ ಹೇಳ್ಲಿ" ಎಂದಳು. ಅಷ್ಟರಲ್ಲಿ ಈ ಹಾಲ್ ಬಂತು.

ಆದ್ದರಿಂದ ಈಗ ಹೇಳುತ್ತೇನೆ. ನಮ್ಮ ತಂದೆ ತಪ್ಪು ಮಾಡಲಿಲ್ಲ. ಬೋಸ್ಮನ್ ತಪ್ಪು ಮಾಡಲಿಲ್ಲ. ಪ್ರತಾಪ್ ತಪ್ಪು ಮಾಡಲಿಲ್ಲ. ಮಾನ್ಯಾ, ನೀನೂ ಮಾಡಿಲ್ಲ. ಒಳ್ಳೆಯ ಆಟವಿರುವ ಕಡೆ ಆಟಗಾರರು ಹೋಗುತ್ತಾರೆ, ಹೋಗಬೇಕು. ಕ್ಲಬ್ಬು ಮುಚ್ಚಿದ್ದು ಗೋಲ್‌ಕೀಪರ್ ಹೋದದ್ದರಿಂದಲ್ಲ. ಗೋಲ್‌ಕೀಪರನ್ನು ಕರೆದೊಯ್ದವರು ಆ ಬೀದಿಗೆ ಒಂದು ಚೆಂಡನ್ನೂ ಕಳಿಸಲಿಲ್ಲ, ಅದರಿಂದ. ಆಟಗಾರರು ಓಡಾಡುತ್ತಾರೆ, ಹಣ ಮಾತ್ರ ಒಂದೇ ಊರಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿರುತ್ತದೆ. ರೋಗ ಇರುವುದು ಅಲ್ಲಿ.

ಈ ಅಮೆರಿಕದವರನ್ನು ನೋಡಿ. ಎಲ್ಲದರಲ್ಲೂ ಬಲವಿದ್ದವನೇ ಗೆಲ್ಲಲಿ ಎನ್ನುವ ದೇಶ. ಆದರೆ ಆಟದ ವಿಷಯಕ್ಕೆ ಬಂದರೆ, ಕೊನೆಯಲ್ಲಿ ಬಂದ ತಂಡಕ್ಕೇ ಹೊಸ ಆಟಗಾರರನ್ನು ಆರಿಸುವ ಮೊದಲ ಹಕ್ಕು. ಡ್ರಾಫ್ಟ್ ಎನ್ನುತ್ತಾರೆ. ಇದು ಧರ್ಮಬುದ್ಧಿಯಲ್ಲ, ಲೆಕ್ಕಾಚಾರ. ಯಾವಾಗಲೂ ಒಬ್ಬನೇ ಗೆದ್ದರೆ ನೋಡುವವರು ಮನೆಗೆ ಹೋಗುತ್ತಾರೆಂದು ಅವರಿಗೆ ಗೊತ್ತು. ಇವತ್ತಿನ ಫೈನಲಿನ ಎರಡನೆಯ ಅರ್ಧದಲ್ಲಿ ನೀವೆಲ್ಲ ಎಲ್ಲಿದ್ದಿರಿ? ಚುರುಮುರಿ ಅಂಗಡಿಯ ಮುಂದೆ. ಷಾರ್ಲೆಟ್‌ನ ತಂದೆತಾಯಂದಿರೂ ಅಲ್ಲೇ ಇದ್ದರು, ನಾನು ನೋಡಿದೆ.

ನಾವು ಕೊನೆಯಲ್ಲಿ ಬಂದಿದ್ದೇವೆ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆದ್ದರಿಂದ ಠರಾವಿಗೆ ನನ್ನದೊಂದು ತಿದ್ದುಪಡಿ. ಎಲ್ಲ ಊರಿನವರೂ ಆಡಲಿ. ಆಟಗಾರರು ಎಲ್ಲಿ ಬೇಕಾದರೂ ಆಡಲಿ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಉಡಿ ತುಂಬಲಿ. ಆದರೆ ಪ್ರತಿ ವರ್ಷ ಕೊನೆಯಲ್ಲಿ ಬಂದ ಊರು ಒಬ್ಬರನ್ನು ಆರಿಸಿಕೊಳ್ಳಬಹುದು. ಆಟಗಾರರನ್ನಲ್ಲ, ಹಣ ಹಾಕುವ ಪೋಷಕರನ್ನು. ಫೋರ್ಟ್ ಮಿಲ್‌ನ ಪರವಾಗಿ ನಾನು ಡಾಕ್ಟರ್ ದಾನಪ್ಪನವರನ್ನು ಆರಿಸುತ್ತೇನೆ. ಒಂದು ವರ್ಷದ ಮಟ್ಟಿಗೆ ಅವರು ಕೊಡುವ ಬೂಟು, ಅವರು ಗೊತ್ತುಮಾಡುವ ಕೋಚು, ಅವರು ಹಿಡಿಯುವ ಮೈದಾನ, ಎಲ್ಲ ನಮ್ಮ ಮಕ್ಕಳಿಗೆ. ಬರುವ ವರ್ಷ ಷಾರ್ಲೆಟ್ ಕೊನೆಗೆ ಬಂದರೆ ಅವರು ವಾಪಸ್ಸು ಬರುತ್ತಾರೆ.

ಡಾಕ್ಟರೇ, ನೀವು ನಗುತ್ತಿದ್ದೀರಿ. ನಾನು ತಮಾಷೆ ಮಾಡುತ್ತಿಲ್ಲ. ನಿಮ್ಮ ಕೈ ದೊಡ್ಡದು ಎಂಬುದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಅದು ಸ್ವಲ್ಪ ಉದ್ದವೂ ಆಗಲಿ, ಗಡಿ ದಾಟಿ ನಮ್ಮ ಸೌತ್ ಕ್ಯಾರೊಲಿನಾದವರೆಗೆ ಬರಲಿ ಎಂದಷ್ಟೇ ಕೇಳುತ್ತಿದ್ದೇನೆ.

ಗೆದ್ದ ತಂಡಕ್ಕೆ ಕಪ್ಪನ್ನು ಎರಡೂ ಕೈಯಿಂದ ಕೊಡುತ್ತೇನೆ. ಚೆನ್ನಾಗಿ ಆಡಿದ್ದಾರೆ. ಆದರೆ ಅದಕ್ಕೆ ಮುಂಚೆ, ಅಧ್ಯಕ್ಷರೇ, ತಿದ್ದುಪಡಿಗೆ ಒಪ್ಪಿಗೆ ಇದ್ದವರು ಕೈ ಎತ್ತಲಿ ಎಂದು ಕೇಳಿಕೊಳ್ಳುತ್ತೇನೆ.

ಫೋರ್ಟ್ ಮಿಲ್‌ನವರು ಎತ್ತಿದ್ದಾರೆ. ಅದು ಗೊತ್ತಿದ್ದದ್ದೇ. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಪ್ರತಾಪ್, ನೀವು ಕೈ ಎತ್ತಿದಿರೋ, ತಲೆ ಕೆರೆದುಕೊಂಡಿರೋ? ಷಾರ್ಲೆಟ್ ತಂಡದ ಸಾಲಿನಲ್ಲಿ ಒಂದು ಕೈ ನೆಟ್ಟಗೆ ಎದ್ದಿದೆ.

ಮಾನ್ಯಾ, ನಿನಗೆ ಓಟಿಲ್ಲ ಮಗಳೇ. ಹದಿನೆಂಟು ತುಂಬಿದವರಿಗೆ ಮಾತ್ರ. ಕೈ ಇಳಿಸು.

ಇಳಿಸುವುದಿಲ್ಲವಂತೆ. ಸರಿ, ಬೇಡ. ಹಾಗೇ ಹಿಡಿದಿರು. ಹಿಂದಿನ ಸಾಲಿನವರಿಗೂ ಕಾಣಲಿ.

ಅಧ್ಯಕ್ಷರೇ, ಆ ಒಂದನ್ನು ಬಿಟ್ಟು ಎಣಿಸಿಕೊಳ್ಳಿ. ಸಾರು ಆರುವವರೆಗೆ ನನ್ನನ್ನು ಸಹಿಸಿಕೊಂಡ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.